ಷೆಂಜೆನ್ ನಗರವೂ ಅದರ ಕವಿಗಳೂ

ಸಂಸ್ಕೃತಿಯೆಂಬುದು ಕಾಲದ ಕೂಸು, ತಲೆಮಾರುಗಳು ಸಂದಲ್ಲದೆ ಅದು ಊರಿಗೆ ಒದಗದು ಎಂಬುದು ಬಲ್ಲವರ ಮತ. ಈ ಮತವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಚೀನಾ ದೇಶದ ತೆಂಕಣ ಕರಾವಳಿಯಲ್ಲಿ, ಹಾಂಗ್‌ಕಾಂಗಿನ ಎಲ್ಲೆಗೆ ತಾಗಿರುವ ಷೆಂಜೆನ್ ನಗರವು ತಕ್ಕ ನಿದರ್ಶನವಾಗಿದೆ. 1980ರಲ್ಲಿ ಅದನ್ನು ವಿಶೇಷ ಆರ್ಥಿಕ ವಲಯವೆಂದು ಸಾರಲಾಯಿತು. ಅದಕ್ಕೆ ಮುಂಚೆ ಅಲ್ಲಿದ್ದುದು ಒಂದು ಸಣ್ಣ ಪೇಟೆ, ಸುತ್ತಲೂ ಹೊಲಗಳು, ಮೀನುಗಾರರ ಹಳ್ಳಿಗಳು. 2020ರ ಜನಗಣತಿಯ ವೇಳೆಗೆ ಅಲ್ಲಿ 1 ಕೋಟಿ 75 ಲಕ್ಷ ಜನರು ನೆಲಸಿದ್ದರು. ಅವರಲ್ಲಿ ಬಹುಮಂದಿ ಬೇರೆಡೆಯಲ್ಲಿ ಹುಟ್ಟಿ, ದುಡಿಮೆಯನ್ನರಸಿ ಬಂದವರು. ಇಂತಹ ಊರಿಗೆ ಅಜ್ಜಂದಿರ ನೆನಪೆಲ್ಲಿ? ಚೀನದವರೇ ಅದನ್ನು ‘ಸಂಸ್ಕೃತಿಯ ಮರುಭೂಮಿ’ಯೆಂದು ಬಹುಕಾಲ ಹಳಿಯುತ್ತಿದ್ದುದು ಸೋಜಿಗವಲ್ಲ.

ಈ ಅಪವಾದವನ್ನು ಕಳೆದುಕೊಳ್ಳಲು ನಗರಾಡಳಿತವು ಕೈಕಟ್ಟಿ ಕುಳಿತಿರಲಿಲ್ಲ. 2000ದಿಂದ ಪ್ರತಿ ನವೆಂಬರಿನಲ್ಲಿಯೂ ‘ವಾಚನ ಮಾಸ’ವು ನಡೆದುಬಂದಿದೆ. ಸಂಸ್ಕೃತಿಯೇ ನಗರದ ತಳಹದಿಯಾಗಬೇಕೆಂದು 2003ರಲ್ಲಿ ನಿಶ್ಚಯವಾಯಿತು. 2006ರಲ್ಲಿ ಹೊಸ ಗ್ರಂಥಾಲಯವೂ ‘ಪುಸ್ತಕ ನಗರ’ವೆಂಬ ಬೃಹತ್ತಾದ ಪುಸ್ತಕದಂಗಡಿಯೂ, 2007ರಲ್ಲಿ ಸಂಗೀತ ಮಂದಿರವೂ ತೆರೆದುವು. ಗ್ರಂಥಾಲಯ ಮತ್ತು ಸಂಗೀತ ಮಂದಿರಗಳನ್ನು ರೂಪಿಸಿದವನು ಜಪಾನಿನ ಹೆಸರಾಂತ ವಾಸ್ತುಶಿಲ್ಪಿ ಅರಾಟ ಇಸೊಜಾಕಿ. 2008ರಲ್ಲಿ ಯುನೆಸ್ಕೊ ಸಂಸ್ಥೆಯು ಷೆಂಜೆನ್ನಿಗೆ ‘ವಿನ್ಯಾಸದ ನಗರ’ವೆಂಬ ಬಿರುದನ್ನಿತ್ತಿತು. ಇವುಗಳನ್ನು ಬರಿಯ ಆಡಂಬರವೆಂದು ತಳ್ಳಿಬಿಡುವುದು ನ್ಯಾಯವಲ್ಲ. 2008ರಿಂದ ಬೀದಿಬೀದಿಗಳಲ್ಲಿ ನಿಲ್ಲಿಸಲಾದ ಸ್ವಯಂಸೇವಾ ಗ್ರಂಥಾಲಯ ಯಂತ್ರಗಳು ಹಗಲಿರುಳೆನ್ನದೆ ಪುಸ್ತಕಗಳನ್ನು ನೀಡುವುವು. ನಡುರಾತ್ರಿಯಲ್ಲಿ ಪಾಳಿ ಮುಗಿಸಿ ಬರುವ ಕೂಲಿಕಾರನಿಗೆ ಅಮೃತಶಿಲೆಯ ಮಂದಿರಕ್ಕಿಂತ ಇದು ಹೆಚ್ಚಿನ ಉಪಕಾರ.

ಆದರೆ ಕೆರೆಯನ್ನು ಕಟ್ಟಿಸಬಹುದು, ಒರತೆಯನ್ನು ಕಟ್ಟಿಸಲಾಗದು. ಷೆಂಜೆನ್ನಿನಲ್ಲಿ ಒರತೆ ಎದ್ದುದು ಯಾರೂ ಅಗೆಯದ ಕಡೆಯಲ್ಲಿ, ಕಾರ್ಖಾನೆಗಳ ವಸತಿಗೃಹಗಳಲ್ಲಿ. 1980ರ ದಶಕದ ನಡುವಿನಿಂದಲೇ ಅಲ್ಲಿನ ಕೂಲಿಕಾರರು ಕಥೆ ಕವಿತೆಗಳನ್ನು ಬರೆಯತೊಡಗಿದ್ದರು. ಇದಕ್ಕೆ ‘ದಾಗೊಂಗ್ ಸಾಹಿತ್ಯ’ವೆಂದು ಹೆಸರಾಯಿತು, ದಾಗೊಂಗ್ ಎಂದರೆ ಸಂಬಳಕ್ಕಾಗಿ ಪರರಲ್ಲಿ ದುಡಿಯುವುದು. ಈ ಮೊಳಕೆಯು ನೆರೆಯ ಕೈಗಾರಿಕಾ ನಗರಗಳಿಗೂ ಹಬ್ಬಿತು.

ಈ ಪಂಥದಲ್ಲಿ ಎದ್ದು ಕಾಣುವ ಹೆಸರುಗಳಲ್ಲಿ ಒಂದು ಜೆಂಗ್ ಷಿಯಾವೊಚಿಯೊಂಗ್. 1980ರಲ್ಲಿ ಸಿಚುವಾನ್ ಪ್ರಾಂತದಲ್ಲಿ ಹುಟ್ಟಿದ ಈಕೆ 2001ರಲ್ಲಿ ಷೆಂಜೆನ್ನಿನ ನೆರೆಯ ದೊಂಗ್‌ಗ್ವಾನಿಗೆ ಬಂದು ಲೋಹದ ಸಾಮಾನಿನ ಕಾರ್ಖಾನೆಯಲ್ಲಿ ದುಡಿದಳು. 2007ರಲ್ಲಿ ‘ಜನ ಸಾಹಿತ್ಯ’ ಪತ್ರಿಕೆಯ ಬಹುಮಾನವು ಈಕೆಯ ಗದ್ಯಕ್ಕೆ ದೊರೆಯಿತು. ಕಬ್ಬಿಣವೆಂಬ ಶಬ್ದವು ಈಕೆಯ ಬರಹದಲ್ಲಿ ಮತ್ತೆ ಮತ್ತೆ ಮರುದನಿಗೊಳ್ಳುವುದು. ಯಂತ್ರದಲ್ಲಿ ತುಂಡಾದ ಬೆರಳಿನ ನೋವೂ ಅದರೊಡನೆ ಬರುವುದು. ಹೆಂಗಸರಾದ ಕೂಲಿಕಾರರನ್ನು ಕುರಿತು 2012ರಲ್ಲಿ ಪ್ರಕಟವಾದ ಸಂಗ್ರಹದಲ್ಲಿ ಈಕೆಯು ಕವಿತೆಗಳಿಗೆ ಆಯಾ ಹೆಂಗಸಿನ ಹೆಸರನ್ನೇ ಇಟ್ಟಿರುವಳು. ಕಾರ್ಖಾನೆಯ ದಫ್ತರದಲ್ಲಿ ಬರಿಯ ಅಂಕಿಯಾದವರಿಗೆ ಕಾವ್ಯವು ಹೆಸರನ್ನು ಮರಳಿ ಕೊಡುವುದು. ಇದು ಕೇವಲ ಮರುಕವಲ್ಲ, ಕಾವ್ಯಧರ್ಮದ ಪಾಲನೆ.

ಇನ್ನೊಬ್ಬನು ಷು ಲಿಜಿ. 1990ರಲ್ಲಿ ಗ್ವಾಂಗ್‌ದೊಂಗ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ಈ ತರುಣನು ಷೆಂಜೆನ್ನಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ದುಡಿಯುತ್ತ ಕವಿತೆಗಳನ್ನು ಬರೆದು, 2014ರಲ್ಲಿ ತನ್ನ 24ನೆಯ ವಯಸ್ಸಿನಲ್ಲಿ ತಾನಾಗಿ ಪ್ರಾಣವನ್ನು ನೀಗಿಕೊಂಡನು. ಚೀನೀ ಕಾವ್ಯದಲ್ಲಿ ಚಂದ್ರನು ಪರಸ್ಥಳದಲ್ಲಿರುವವನ ಗೆಳೆಯ. ತಾಂಗ್ ಅರಸರ ಕಾಲದ ಲಿ ಬಾಯ್ ಮೊದಲಾದವರು ಅವನನ್ನು ನೋಡಿ ತವರನ್ನು ನೆನೆದವರು. ಷು ಲಿಜಿಯ ಕವಿತೆಯೊಂದರಲ್ಲಿ ಅದೇ ಚಂದ್ರನು ಕಬ್ಬಿಣವಾಗಿ, ಗಂಟಲಿನಲ್ಲಿ ಇಳಿಯುವ ತುತ್ತಾಗುವನು. ಸಾವಿರಾರು ವರ್ಷಗಳ ಸಂಪ್ರದಾಯವನ್ನೆಲ್ಲ ಒಂದೇ ಪ್ರತಿಮೆಯಲ್ಲಿ ಹಿಡಿದು ತಿರುಗಿಸಿದ ಈ ಬಗೆಯನ್ನು ನಮ್ಮ ಆಲಂಕಾರಿಕರು ಧ್ವನಿಯೆನ್ನದೆ ಬಿಡುತ್ತಿರಲಿಲ್ಲ. ಇನ್ನೊಂದು ಕವಿತೆಯಲ್ಲಿ ರಾತ್ರಿಯ ದುಡಿಮೆಯ ವೇಳೆ ತಿರುಪೊಂದು ನೆಲಕ್ಕೆ ಬೀಳುವುದು. ಯಾರೂ ಅದನ್ನು ಲಕ್ಷಿಸರು. ಮನುಷ್ಯನೂ ಹಾಗೆಯೇ ಬಿದ್ದುದನ್ನು ಕವಿಯು ಮೆಲ್ಲನೆ ಮುಟ್ಟಿ ಸುಮ್ಮನಾಗುವನು. 2010ರಲ್ಲಿ ಅದೇ ಕಾರ್ಖಾನೆಯ ಹಲವು ತರುಣರು ಪ್ರಾಣ ನೀಗಿಕೊಂಡುದನ್ನು ಬಲ್ಲ ವಾಚಕನಿಗೆ ಆ ಮೌನವೇ ಸಾಕು.

ಕೂಲಿಕಾರರು ಬರೆದುದೆಲ್ಲ ಸತ್ಕಾವ್ಯವೆಂದು ಹೇಳಿದಂತಾಗಲಿಲ್ಲ. ಅನೇಕ ಕವಿತೆಗಳು ಗೋಳನ್ನು ಹೇಳಿ ಮುಗಿಯುವುವು. ಶೋಕವು ಕರುಣರಸವಾಗಿ ಪಾಕಗೊಳ್ಳುವುದಿಲ್ಲ. ಅವನ್ನು ಸಮಾಜದ ದಾಖಲೆಗಳೆಂದು ಹೊಗಳಿ, ಕಾವ್ಯವೆಂದು ಪರೀಕ್ಷಿಸದಿರುವುದು ಆ ಕವಿಗಳಿಗೆ ಮಾಡುವ ಇನ್ನೊಂದು ಅವಮಾನ. ಷು ಲಿಜಿಯ ಹಿರಿಮೆಯು ಅವನು ಪಟ್ಟ ಕಷ್ಟದಲ್ಲಿಲ್ಲ. ಆ ಕಷ್ಟವನ್ನು ಒಂದು ತಿರುಪಿನಷ್ಟಕ್ಕೆ ಇಳಿಸಿದ ಸಂಯಮದಲ್ಲಿದೆ.

ಆದರೆ ಕೆರೆಗೂ ಒರತೆಗೂ ಸಂಬಂಧವುಂಟಾಯಿತೆ? ಈ ತರುಣನು ತನ್ನ ಕಾರ್ಖಾನೆಯ ಪುಸ್ತಕಾಲಯದಲ್ಲಿಯೂ, ತರುವಾಯ ನಗರದ ಆ ದೊಡ್ಡ ಪುಸ್ತಕದಂಗಡಿಯಲ್ಲಿಯೂ ಕೆಲಸವನ್ನು ಬೇಡಿ ಪಡೆಯದೆ ಹೋದನೆಂದು ಅಲ್ಲಿನ ಪತ್ರಿಕೆಗಳು ಅವನ ಮರಣಾನಂತರ ಬರೆದುವು. ಪುಸ್ತಕಗಳ ನಡುವೆ ಬಾಳಬೇಕೆಂದ ಕವಿಗೆ ಪುಸ್ತಕಗಳ ನಗರದಲ್ಲಿ ಎಡೆ ದೊರೆಯಲಿಲ್ಲ. ಅವನ ಸಂಗ್ರಹವು ಅಚ್ಚಾದುದು 2015ರಲ್ಲಿ. ಇದನ್ನು ಒಬ್ಬನ ದುರದೃಷ್ಟವೆಂದು ಬಿಡುವಂತಿಲ್ಲ. ಚೀನದಲ್ಲಿ ‘ಹುಕೊ’ ಎಂಬ ನಿವಾಸದಾಖಲೆಯು ವ್ಯಕ್ತಿಯು ಯಾವ ಊರಿಗೆ ಸೇರಿದವನೆಂಬುದನ್ನು ಗೊತ್ತುಮಾಡುವುದು. ಮಕ್ಕಳ ಶಿಕ್ಷಣ ಮೊದಲಾದ ಸೌಕರ್ಯಗಳು ಬಹುಮಟ್ಟಿಗೆ ಅದನ್ನು ಅವಲಂಬಿಸಿರುವುವು. 2020ರಲ್ಲಿ ಷೆಂಜೆನ್ನಿನಲ್ಲಿ ವಾಸಿಸುತ್ತಿದ್ದವರಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಮಾತ್ರ ಆ ಊರಿನ ಹುಕೊ ಇದ್ದಿತು. ಉಳಿದವರು ಊರನ್ನು ಕಟ್ಟಿದರೂ ಲೆಕ್ಕದಲ್ಲಿ ಪರವೂರಿನವರೇ.

ಹೀಗಿರಲು ಮೊದಲಿನ ಮತವನ್ನು ತಿದ್ದಿಕೊಳ್ಳಬೇಕಾಗಿದೆ. ಸಂಸ್ಕೃತಿಗೆ ತಲೆಮಾರುಗಳೇ ಬೇಕೆಂದಿಲ್ಲ. ಒಂದು ತಲೆಮಾರಿನೊಳಗೆ ಷೆಂಜೆನ್ನಿನಲ್ಲಿ ನಿಜವಾದ ಕಾವ್ಯವು ಹುಟ್ಟಿತು. ಅದು ಮರುಭೂಮಿಯಾಗಿದ್ದುದು ಮಂದಿರಗಳನ್ನಷ್ಟೆ ಹುಡುಕಿದವರ ಕಣ್ಣಿಗೆ. ಆ ನಗರಕ್ಕೆ ಕಾಲಕ್ಕಿಂತ ಹೆಚ್ಚಾಗಿ ಬೇಕಾದುದು, ಹಾಡುವವನನ್ನು ತನ್ನವನೆಂದು ಅವನು ಬದುಕಿರುವಾಗಲೇ ಒಪ್ಪಿಕೊಳ್ಳುವ ಮನಸ್ಸು. ಅದನ್ನು ಯಾವ ಶಿಲ್ಪಿಯೂ ಕಟ್ಟಿಕೊಡಲಾರನು.