ಈ ಸಂತೆ ಯಾರದು?

ಸೆಪ್ಟೆಂಬರ್ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜು ಬರೋಕೆ ಶುರುವಾಗುತ್ತೆ. "ಡಿಸೆಂಬರ್‌ನಲ್ಲಿ ಏಳು ದಿನ ರಜೆ ಹೊಂದಿಸಿದೀವಿ ಕಣೇ. ಕ್ರಿಸ್ಮಸ್ ಮಾರ್ಕೆಟ್ ನೋಡಬೇಕು. ಐದು ಊರು ಆಗುತ್ತಾ?" ಎರಡು ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಆನ್‌ಸೈಟ್ ಇದ್ದವಳು ಅನ್ನೋ ಕಾರಣಕ್ಕೆ ನಾನು ಈ ವಿಷಯದಲ್ಲಿ ಪಂಡಿತೆ ಅಂತ ಎಲ್ಲರ ನಂಬಿಕೆ. ಆಗುತ್ತೆ, ಯಾಕಾಗಲ್ಲ? ನಾನೇ ಒಬ್ಬಳು ಗೆಳತಿ ಜೊತೆ ಆರು ದಿನದಲ್ಲಿ ಸ್ಟ್ರಾಸ್‌ಬೊರ್ಗ್, ನ್ಯೂರೆಂಬರ್ಗ್, ಪ್ರಾಗ್, ಡ್ರೆಸ್ಡೆನ್ ಮುಗಿಸಿದೀನಿ. ಆದರೆ ಹಾಗೆ ಮುಗಿಸಿದ್ದು ಸರಿಯಾ ಅಂತ ಯಾರೂ ಕೇಳಿಲ್ಲ. ಕೇಳಿದ್ರೆ ಹೇಳಬೇಕು ಅಂತಿದ್ದದ್ದನ್ನ ಇಲ್ಲಿ ಬರೀತಿದೀನಿ.

ಹೋಗದೇ ಇದ್ದವರಿಗೆ ಮೊದಲು ಎರಡು ಮಾತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಊರಿನ ಚೌಕದಲ್ಲಿ ಮರದ ಗುಡಿಸಲಂಥ ಅಂಗಡಿಗಳು ಏಳುತ್ತವೆ. ಲವಂಗ, ಚಕ್ಕೆ ಹಾಕಿ ಬಿಸಿ ಮಾಡಿದ ಗ್ಲೂವೈನ್, ಸುಟ್ಟ ಸಾಸೇಜು, ಸಕ್ಕರೆ ಪಾಕದ ಬಾದಾಮಿ, ಮರದ ಗೊಂಬೆ, ಗಾಜಿನ ಗುಂಡು. ವೈನಿನ ಜೊತೆ ಮಗ್‌ಗೂ ಠೇವಣಿ ಕಟ್ಟಬೇಕು. ಮಗ್ ವಾಪಸ್ ಕೊಟ್ರೆ ದುಡ್ಡು ವಾಪಸ್, ಬೇಕಿದ್ರೆ ಇಟ್ಕೋಬಹುದು. ಇನ್ನೊಂದು ಮುಖ್ಯ ವಿಷಯ: ನ್ಯೂರೆಂಬರ್ಗ್, ಡ್ರೆಸ್ಡೆನ್‌ನ ದೊಡ್ಡ ಸಂತೆಗಳು 24ಕ್ಕೇ ಬಾಗಿಲು ಹಾಕುತ್ತವೆ. ಆಫೀಸಿನ ವರ್ಷಾಂತ್ಯದ ರಜೆ ನೋಡಿಕೊಂಡು 26ಕ್ಕೆ ಬಂದಿಳಿದು, ಅಂಗಡಿ ಬಿಚ್ಚಿ ಲಾರಿಗೆ ತುಂಬೋದನ್ನ ನೋಡಿ ಬಂದವರು ನನ್ನ ಪರಿಚಯದಲ್ಲೇ ಇದ್ದಾರೆ.

ಈಗ ನನ್ನ ತಕರಾರು. ಮೂರನೇ ಊರಿಗೆ ಹೋಗೋ ಹೊತ್ತಿಗೆ ಎಲ್ಲಾ ಒಂದೇ ಅನ್ಸೋಕೆ ಶುರುವಾಯ್ತು. ಅದೇ ಗುಡಿಸಲು, ಅದೇ ದೀಪದ ಸರ. ಸ್ಟ್ರಾಸ್‌ಬೊರ್ಗ್‌ನಲ್ಲಿ ನೋಡಿದ ಗಾಜಿನ ಹಕ್ಕಿ ಪ್ರಾಗ್‌ನಲ್ಲೂ ಇತ್ತು. ಒಂದು ಸಂತೆ ಚೆನ್ನಾಗಿದೆ, ಇನ್ನೊಂದು ಚೆನ್ನಾಗಿಲ್ಲ ಅನ್ನೋದನ್ನ ಹಾಗಾದ್ರೆ ಯಾವುದರ ಮೇಲೆ ಹೇಳೋದು? ಊರಿನವರು ಕೊಡೋ ಅಳತೆಗೋಲು ವಯಸ್ಸು. ಡ್ರೆಸ್ಡೆನ್ 1434, ಸ್ಟ್ರಾಸ್‌ಬೊರ್ಗ್ 1570, ನ್ಯೂರೆಂಬರ್ಗ್ 1628. ಟ್ರಾವೆಲ್ ರೀಲ್‌ಗಳ ಅಳತೆಗೋಲು ದೀಪ. ನನಗೆ ಎರಡೂ ಸಾಲಲಿಲ್ಲ. ನಾನು ಇಟ್ಕೊಂಡ ಪ್ರಶ್ನೆ ಬೇರೆ: ನನ್ನಂಥ ಪ್ರವಾಸಿಗರನ್ನೆಲ್ಲ ಎತ್ತಿ ಪಕ್ಕಕ್ಕಿಟ್ರೆ ಇಲ್ಲಿ ಯಾರು ಉಳೀತಾರೆ? ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇವತ್ತು ಪ್ಲಾಸ್ಟಿಕ್ ಆಟಿಕೆ, ಗೋಬಿ ಮಂಚೂರಿ ಎಷ್ಟೇ ತುಂಬಿದ್ರೂ, ಸೇರು ಲೆಕ್ಕದಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ದೊಡ್ಡ ಬಸವಣ್ಣನಿಗೆ ಕೈಮುಗಿದು ಹೋಗೋ ಅಜ್ಜಿಯರು ಇನ್ನೂ ಇದ್ದಾರಲ್ಲ, ಆ ಥರದವರು.

ಈ ಲೆಕ್ಕದಲ್ಲಿ ಕೆಳಗಿಂದ ಮೇಲಕ್ಕೆ ಹೋಗ್ತೀನಿ.

ಕೊನೆಯ ಸ್ಥಾನ ಪ್ರಾಗ್. ಹಳೇ ಪಟ್ಟಣದ ಚೌಕ ನೋಡೋಕೆ ಎಲ್ಲಕ್ಕಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಒಂದು ಕಡೆ ಟೀನ್ ಚರ್ಚಿನ ಜೋಡಿ ಗೋಪುರ, ಇನ್ನೊಂದು ಕಡೆ ಖಗೋಳ ಗಡಿಯಾರ. ಆದರೆ ಅಲ್ಲಿ ಚೆಕ್ ಭಾಷೆ ಕೇಳಿಸಿದ್ದು ಮಾರೋರ ಬಾಯಲ್ಲಿ ಮಾತ್ರ. ಎಲ್ಲಾ ಮೂಲೆಯಲ್ಲೂ ತ್ರದೆಲ್ನಿಕ್ ಅಂಗಡಿ. ಕೋಲಿಗೆ ಹಿಟ್ಟು ಸುತ್ತಿ, ಕೆಂಡದ ಮೇಲೆ ತಿರುಗಿಸಿ, ಸಕ್ಕರೆಯಲ್ಲಿ ಹೊರಳಿಸೋ ತಿಂಡಿ. ಬೋರ್ಡಿನ ಮೇಲೆ 'ಪುರಾತನ ಬೊಹೀಮಿಯಾದ ಸಾಂಪ್ರದಾಯಿಕ' ಅನ್ನೋ ಬರಹ. ನಿಜ ಏನಪ್ಪಾ ಅಂದ್ರೆ ಈ ತಿಂಡಿಯ ಹೆಸರು ಗಟ್ಟಿಯಾಗಿ ಅಂಟಿಕೊಂಡಿರೋದು ಪಕ್ಕದ ಸ್ಲೊವಾಕಿಯಾದ ಸ್ಕಾಲಿತ್ಸಾ ಅನ್ನೋ ಊರಿಗೆ. ನಮ್ಮ ಮೈಸೂರು ಮಲ್ಲಿಗೆಗೆ ಇರೋ ಥರದ ಭೌಗೋಳಿಕ ಮಾನ್ಯತೆ ಐರೋಪ್ಯ ಒಕ್ಕೂಟದಲ್ಲಿ ಅದಕ್ಕೆ ಸಿಕ್ಕಿದೆ. ಪ್ರಾಗ್‌ನ ಬೀದಿಬೀದಿಯಲ್ಲಿ ಅದು ತುಂಬಿಕೊಂಡದ್ದು ಪ್ರವಾಸಿಗರು ತುಂಬಿಕೊಂಡ ಮೇಲೆ. ತಿಂದೆ, ರುಚಿಯಾಗೇ ಇತ್ತು. ನನ್ನ ಜಗಳ ತಿಂಡಿ ಜೊತೆಗಲ್ಲ, ಬೋರ್ಡಿನ ಜೊತೆ.

ಇನ್ನೊಂದು ಅಂಗಡಿಯಲ್ಲಿ ಸುಟ್ಟ ಹ್ಯಾಮ್ ಕೇಳಿದೆ. ಬೆಲೆ ಕಡಿಮೆ ಅನ್ನಿಸ್ತು. ಅದು 100 ಗ್ರಾಮಿನ ಬೆಲೆ ಅಂತ ಗೊತ್ತಾಗಿದ್ದು, ಆಸಾಮಿ ನಾನು ಕೇಳಿದ್ದಕ್ಕಿಂತ ಮೂರು ಪಟ್ಟು ಪೇರಿಸಿ ತೂಗಿ ಕೈಗೆ ಕೊಟ್ಟ ಮೇಲೆ. ಮೆಜೆಸ್ಟಿಕ್‌ನಲ್ಲಿ ಆಟೋದವರ ಹತ್ತಿರ ಮೀಟರ್ ಹಾಕಿ ಅಂತ ಜಗಳ ಆಡೋ ನಾನು ಅಲ್ಲಿ ಬಾಯಿ ಮುಚ್ಕೊಂಡು ದುಡ್ಡು ಕೊಟ್ಟೆ.

ಆದರೆ ಪ್ರಾಗ್‌ನಲ್ಲಿ ಒಂದು ನಿಜವಾದ ಕ್ರಿಸ್ಮಸ್ ಸಂತೆ ನೋಡಿದೆ. ನಮ್ಮ ಹೋಟೆಲ್ ಇದ್ದ ಬಡಾವಣೆಯಲ್ಲಿ, ಮೆಟ್ರೋ ಸ್ಟೇಷನ್ ಮುಂದೆ ನೀರು ತುಂಬಿದ ದೊಡ್ಡ ತೊಟ್ಟಿ, ಒಳಗೆ ಜೀವಂತ ಕಾರ್ಪ್ ಮೀನು, ಪಕ್ಕದಲ್ಲಿ ತಕ್ಕಡಿ. ಚೆಕ್ ಮನೆಗಳಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಈ ಮೀನನ್ನ ಕರಿದು, ಆಲೂಗಡ್ಡೆ ಸಲಾಡ್ ಜೊತೆ ತಿಂತಾರೆ. ಕೆಲವರು ಜೀವಂತ ಮೀನನ್ನೇ ಒಯ್ದು ಸ್ನಾನದ ತೊಟ್ಟಿಯಲ್ಲಿ ಬಿಟ್ಟಿರ್ತಾರೆ, ಮಕ್ಕಳು ಅದಕ್ಕೆ ಹೆಸರಿಟ್ಟು ಆಮೇಲೆ ಅಳ್ತಾ ಕೂರ್ತಾರೆ. ಕ್ಯೂನಲ್ಲಿ ಇಪ್ಪತ್ತು ಜನ, ಒಬ್ಬರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ. ನನ್ನ ಯಾವ ಲಿಸ್ಟ್‌ನಲ್ಲೂ ಅದು ಇರಲಿಲ್ಲ.

ಮೂರನೇ ಸ್ಥಾನ ಸ್ಟ್ರಾಸ್‌ಬೊರ್ಗ್. 'ಕ್ರಿಸ್ಮಸ್ ರಾಜಧಾನಿ' ಅಂತ ಊರು ತನಗೆ ತಾನೇ ಹೆಸರಿಟ್ಟುಕೊಂಡದ್ದು 1992ರಲ್ಲಿ. ಇಡೀ ಹಳೇ ಊರು ಒಂದು ದ್ವೀಪ. ಸೇತುವೆಗಳ ಮೇಲೆ ಬ್ಯಾಗ್ ತಪಾಸಣೆ, ಯಾಕಂದ್ರೆ 2018ರ ಡಿಸೆಂಬರ್‌ನಲ್ಲಿ ಇಲ್ಲಿ ಗುಂಡಿನ ದಾಳಿ ನಡೆದು ಐವರು ಸತ್ತಿದ್ದರು. 2016ರಲ್ಲಿ ಬರ್ಲಿನ್, 2024ರಲ್ಲಿ ಮಾಗ್ಡೆಬುರ್ಗ್, ಎರಡೂ ಕಡೆ ಸಂತೆಯ ಜನರ ಮೇಲೇ ವಾಹನ ನುಗ್ಗಿಸಿದ್ದರು. ಈಗ ಜರ್ಮನಿಯ ಸಂತೆಗಳ ಸುತ್ತ ಕಾಂಕ್ರೀಟ್ ದಿಮ್ಮಿ ನೋಡಿದಾಗೆಲ್ಲ ಇದೇ ನೆನಪಾಗುತ್ತೆ. ಜನ ಮಾತ್ರ ಬರೋದು ಬಿಟ್ಟಿಲ್ಲ. ಸಂತೆ ಊರಿನವರಿಗೆ ಬರೀ ವ್ಯಾಪಾರ ಅಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಲಂಕಾರಕ್ಕೆ ಸ್ಟ್ರಾಸ್‌ಬೊರ್ಗ್‌ಗೆ ಪೂರ್ತಿ ಮಾರ್ಕ್ಸ್. ಆದರೆ ಕೆಥೆಡ್ರಲ್ ಸುತ್ತ ಶನಿವಾರ ಸಂಜೆ ನಾನು ನಡೀಲಿಲ್ಲ, ಜನ ತಳ್ಳಿಕೊಂಡು ಹೋದ್ರು. ಕುತೂಹಲದ ವಿಷಯ ಇತಿಹಾಸದಲ್ಲಿದೆ. 1570ರಲ್ಲಿ ಇಲ್ಲಿ ಸಂತೆ ಶುರುವಾಗಿದ್ದೇ ಹಳೇ ಸಂತ ನಿಕೊಲಾಸ್‌ನ ಜಾತ್ರೆಯನ್ನ ತೆಗೆದುಹಾಕಿ. ಸಂತರ ಪೂಜೆ ಬೇಡ, ಉಡುಗೊರೆ ತರೋದು ಬಾಲಯೇಸು ಆಗಲಿ ಅಂದವರು ಪ್ರೊಟೆಸ್ಟಂಟರು. ಅಂದ್ರೆ ಇವತ್ತು 'ಪರಂಪರೆ' ಅಂತ ಮಾರ್ತಿರೋದು ಅವತ್ತಿನ ಹೊಸ ಬದಲಾವಣೆ.

ಎರಡನೇ ಸ್ಥಾನ ಡ್ರೆಸ್ಡೆನ್‌ಗೆ. ಅದೂ ಪೂರ್ತಿ ಅದರ ಸ್ವಂತ ಬಲದಿಂದಲ್ಲ. 1434ರಲ್ಲಿ ಒಂದೇ ದಿನದ ಮಾಂಸದ ಸಂತೆಯಾಗಿ ಶುರುವಾದ ಷ್ಟ್ರೀಟ್ಸೆಲ್‌ಮಾರ್ಕ್ಟ್ ಇವತ್ತು ಭಾರೀ ದೊಡ್ಡದು. ಇಲ್ಲಿನ ಷ್ಟೊಲೆನ್ ಅನ್ನೋ ಒಣಹಣ್ಣಿನ ಬ್ರೆಡ್ಡಿನ ಕಥೆ ನನಗಿಷ್ಟ. ಅದು ಉಪವಾಸದ ಕಾಲದ ತಿಂಡಿ, ಬೆಣ್ಣೆ ನಿಷಿದ್ಧ. ಬೆಣ್ಣೆ ಹಾಕೋಕೆ ಪೋಪ್ ಅನುಮತಿ ಕೊಟ್ಟಿದ್ದು 1491ರಲ್ಲಿ. ಆದರೆ ನನ್ನನ್ನ ನಿಲ್ಲಿಸಿದ್ದು ಮರದ ಗೊಂಬೆಗಳ ಅಂಗಡಿ. "ಇದನ್ನ ಮಾಡೋದು ಎಲ್ಲಿ?" ಅಂತ ಕೇಳಿದ್ದಕ್ಕೆ ಅಂಗಡಿಯಾಕೆ ಜೈಫೆನ್ ಅಂದ್ರು. ಮರುದಿನದ ಪ್ಲಾನ್ ಬಿಟ್ಟು ಅಲ್ಲಿಗೇ ಹೋದ್ವಿ.

ಜೈಫೆನ್ ಚೆಕ್ ಗಡಿಯ ಹತ್ತಿರದ ಬೆಟ್ಟದ ಹಳ್ಳಿ. ತವರದ ಗಣಿ ಕೈಕೊಟ್ಟಾಗ ಗಣಿ ಕೆಲಸದವರು ಮರದ ಲೇತಿಗೆ ಕೈ ಹಾಕಿದ್ರು. ಒಂದು ಕಾರ್ಯಾಗಾರದಲ್ಲಿ ನೋಡಿದ್ದು ಹೇಳ್ತೀನಿ. ಹಸಿ ಸ್ಪ್ರೂಸ್ ಮರದ ದಪ್ಪ ತುಂಡನ್ನ ಲೇತಿನ ಮೇಲೆ ತಿರುಗಿಸಿ ಬಳೆಯ ಹಾಗೆ ಕಡೀತಾರೆ. ನೋಡೋರಿಗೆ ಬರೀ ಏರುತಗ್ಗಿನ ಬಳೆ. ಅದನ್ನ ಕೇಕ್ ಕತ್ತರಿಸಿದ ಹಾಗೆ ಸೀಳಿದ್ರೆ ಪ್ರತಿ ಹೋಳೂ ಒಂದು ಆನೆ, ಒಂದು ಹಸು! ಕಡೆಯುವಾಗ ಆ ಆಕಾರ ಅವರಿಗೂ ಕಾಣಲ್ಲ, ಕೈಗೆ ಗೊತ್ತಿರುತ್ತೆ ಅಷ್ಟೇ.

ಹೆಬ್ಬೆರಳಿನಷ್ಟು ಹಸುವಿಗೆ ಅವರು ಹೇಳಿದ ಬೆಲೆಯನ್ನ ಮರುಮಾತಿಲ್ಲದೆ ಕೊಟ್ಟೆ. ಬಸ್ಸಿನಲ್ಲಿ ವಾಪಸ್ ಬರೋವಾಗ ನೆನಪಾಯ್ತು: ಮೈಸೂರಿಗೆ ಹೋಗ್ತಾ ಚನ್ನಪಟ್ಟಣದ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, ಆಲೆ ಮರದಲ್ಲಿ ಕಡೆದು ಅರಗು ಹಾಕಿದ ಒಂದು ಬುಗುರಿ ಸೆಟ್ಟಿಗೆ ಐವತ್ತು ರೂಪಾಯಿ ಕಮ್ಮಿ ಮಾಡಿ ಅಂತ ಹತ್ತು ನಿಮಿಷ ಚೌಕಾಸಿ ಮಾಡಿದವಳು ನಾನೇ. ಅದೂ ಲೇತಿನ ಕೆಲಸವೇ, ಅದೂ ಕೈಗೆ ಗೊತ್ತಿರೋ ವಿದ್ಯೆಯೇ. ಯುರೋಪಿನಲ್ಲಿ ಅದು ನನಗೆ 'ಕ್ರಾಫ್ಟ್', ರಾಮನಗರ ದಾಟಿದ ಮೇಲೆ 'ಆಟದ ಸಾಮಾನು'. ಪ್ರಾಗ್‌ನ ಹ್ಯಾಮ್‌ನವನ ಮೇಲೆ ಬಂದಿದ್ದ ಸಿಟ್ಟು ಅವತ್ತು ಅರ್ಧ ಇಳೀತು.

ಮೊದಲ ಸ್ಥಾನ ನ್ಯೂರೆಂಬರ್ಗ್. ಇಲ್ಲಿಯೂ ವಿಪರೀತ ಜನ, ಪ್ರವಾಸಿ ಬಸ್ಸುಗಳ ಸಾಲು. ಆದರೆ ನಗರಸಭೆ ಕಟ್ಟುನಿಟ್ಟು. ಪ್ಲಾಸ್ಟಿಕ್ ಹಸಿರು ತೋರಣ ಕಟ್ಟುವ ಹಾಗಿಲ್ಲ, ರೆಕಾರ್ಡ್ ಹಾಡು ಹಾಕುವ ಹಾಗಿಲ್ಲ. ಕೆಂಪು-ಬಿಳಿ ಪಟ್ಟೆ ಬಟ್ಟೆಯ ಚಾವಣಿ, ಕೆಳಗೆ ಲೇಬ್‌ಕುಖೆನ್ ಬಿಸ್ಕತ್ತಿನ ಘಮ. ಏಲಕ್ಕಿ, ಚಕ್ಕೆ, ಲವಂಗ ಎಲ್ಲಾ ಇರೋ ಘಮ ಅದು. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಕಡೆಯಿಂದ ಹೋದ ಮೆಣಸಿನಲ್ಲಿ ದುಡ್ಡು ಮಾಡಿದ ಇಂಥ ವರ್ತಕರಿಗೆ ಜರ್ಮನರು 'ಮೆಣಸಿನ ಮೂಟೆ' ಅಂತ ಅಡ್ಡಹೆಸರಿಟ್ಟಿದ್ದರು.

ಇಲ್ಲಿ ಸಂತೆ ಉದ್ಘಾಟಿಸೋದು ಕ್ರಿಸ್ಟ್‌ಕಿಂಡ್. ಬಂಗಾರದ ಗುಂಗುರು ಕೂದಲು, ಕಿರೀಟ ಹಾಕಿಕೊಂಡ ಹುಡುಗಿ ಚರ್ಚಿನ ಮೇಲುಪ್ಪರಿಗೆಯಲ್ಲಿ ನಿಂತು ಕವಿತೆ ಹೇಳಿ ಎಲ್ಲರನ್ನೂ ಕರೀತಾಳೆ. ಇದೂ ಪುರಾತನ ಅಂದ್ಕೋಬೇಡಿ. ಈ ಉದ್ಘಾಟನೆಯ ಶಾಸ್ತ್ರ ಶುರುವಾಗಿದ್ದು 1933ರಲ್ಲಿ, ಸಂತೆಯನ್ನ ಮುಖ್ಯ ಚೌಕಕ್ಕೆ ವಾಪಸ್ ತಂದು 'ಜರ್ಮನ್ ಪರಂಪರೆ' ಅಂತ ಮೆರೆಸಿದ ನಾಜಿಗಳ ಕಾಲದಲ್ಲಿ. ಯುದ್ಧ ಮುಗಿದ ಮೇಲೆ, 1948ರಲ್ಲಿ, ಊರು ಹೊಸ ಕವಿತೆ ಬರೆಸಿ ಅದನ್ನ ಮತ್ತೆ ಶುರು ಮಾಡ್ತು. 1969ರಿಂದ ಊರಿನ ಹದಿಹರೆಯದ ಹುಡುಗಿಯರಲ್ಲಿ ಒಬ್ಬಳನ್ನ ಎರಡು ವರ್ಷಕ್ಕೆ ಆರಿಸ್ತಾರೆ.

2019ರಲ್ಲಿ ಆಯ್ಕೆಯಾದವಳು ಬೆನಿಗ್ನಾ ಮುನ್ಶಿ. ವಯಸ್ಸು 17, ಅಪ್ಪ ಭಾರತ ಮೂಲದವರು, ಅಮ್ಮ ಜರ್ಮನ್, ಹುಡುಗಿ ಹುಟ್ಟಿ ಬೆಳೆದದ್ದು ನ್ಯೂರೆಂಬರ್ಗ್‌ನಲ್ಲೇ. ಎಎಫ್‌ಡಿ ಪಕ್ಷದ ಒಂದು ಸ್ಥಳೀಯ ಘಟಕ ಅವಳ ಫೋಟೋ ಹಾಕಿ ಹೀಯಾಳಿಸ್ತು. ಜರ್ಮನಿ ಪೂರ್ತಿ ಛೀಮಾರಿ ಹಾಕಿದ ಮೇಲೆ ಆ ಪೋಸ್ಟ್ ತೆಗೀಬೇಕಾಯ್ತು. ಊರು ಅವಳ ಬೆನ್ನಿಗೆ ನಿಂತಿತು. ಅವಳು ಮೇಲುಪ್ಪರಿಗೆಯಲ್ಲಿ ನಿಂತು ಸಂತೆ ಶುರುಮಾಡಿದಳು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. 1933ರಲ್ಲಿ ಯಾರನ್ನ ಹೊರಗಿಡಬೇಕು ಅಂತ ಯೋಚಿಸ್ತಿದ್ದವರು ಕಟ್ಟಿದ ವೇದಿಕೆ ಮೇಲೆ, 2019ರಲ್ಲಿ ಇವಳೂ ನಮ್ಮೂರ ಹುಡುಗಿ ಅಂತ ಊರು ಹೇಳ್ತು. ವೇಷ ಅದೇ, ಮಾತು ಬದಲಾಯ್ತು. ಬೋರ್ಡಿನ ಮೇಲಿನ 'ಪುರಾತನ'ಕ್ಕಿಂತ ನನಗೆ ಇದು ದೊಡ್ಡದು. ಎರಡು ವರ್ಷ ಅಲ್ಲಿದ್ದಾಗ "ನೀವು ನಿಜವಾಗಿ ಎಲ್ಲಿಯವರು?" ಅನ್ನೋ ಪ್ರಶ್ನೆ ಕೇಳಿಸಿಕೊಂಡವಳಿಗೆ ಸ್ವಲ್ಪ ಜಾಸ್ತಿನೇ ದೊಡ್ಡದು.

ಇಷ್ಟೆಲ್ಲ ಹೇಳಿದ ಮೇಲೂ, ನನಗೆ ಅತಿ ಪ್ರಿಯವಾದ ಸಂತೆ ಈ ನಾಲ್ಕರಲ್ಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ನಮ್ಮ ಬಡಾವಣೆಯ ಚರ್ಚಿನ ಅಂಗಳದಲ್ಲಿ ಒಂದೇ ವಾರಾಂತ್ಯ ನಡೀತಿದ್ದದ್ದು ಅದು. ಕೆಳಗಿನ ಮನೆಯ ಅಜ್ಜಿ ಕರ್ಕೊಂಡು ಹೋಗಿದ್ರು. ಅಗ್ನಿಶಾಮಕ ದಳದ ಸ್ವಯಂಸೇವಕರು ಸಾಸೇಜ್ ಸುಡ್ತಿದ್ರು, ಶಾಲೆಯ ಮಕ್ಕಳು ಪ್ರವಾಸದ ಖರ್ಚಿಗೆ ಅಂತ ವಾಫಲ್ ಮಾರ್ತಿದ್ರು. ನನಗೆ ವಾಫಲ್ ಕೊಟ್ಟ ಹುಡುಗ ಚಿಲ್ಲರೆ ಲೆಕ್ಕದಲ್ಲಿ ಎರಡು ಸಲ ತಪ್ಪಿದ, ಎರಡು ಸಲವೂ ನನಗೇ ಲಾಭ. ಅಜ್ಜಿ ಎಲ್ಲರಿಗೂ ನನ್ನ ಪರಿಚಯ ಮಾಡಿಸಿದ್ದು "ಇವಳು ಮೂರನೇ ಮಹಡಿಯವಳು" ಅಂತ.

ಆದ್ದರಿಂದ ಈ ಸೆಪ್ಟೆಂಬರ್‌ನಲ್ಲಿ ಕೇಳೋರಿಗೆಲ್ಲ ನನ್ನ ಉತ್ತರ ಇಷ್ಟೇ. ಐದು ಊರು ಬೇಡ, ಎರಡು ಸಾಕು. ಒಂದು ದೊಡ್ಡದು ಇರಲಿ, ಅದಕ್ಕೆ ಮಂಗಳವಾರ ಸಂಜೆ ಹೋಗಿ, ಶನಿವಾರ ಬೇಡ. ಇನ್ನೊಂದು ಹೆಸರೇ ಕೇಳಿರದ ಸಣ್ಣ ಊರಿನದ್ದು. ಉಳಿದ ದಿನ ಅಲ್ಲೇ ಇದ್ದು, ಅದೇ ಅಂಗಡಿಗೆ ಎರಡನೇ ಸಲ ಹೋಗಿ. ಮರದ ಹಸು ಕೊಂಡರೆ, ವಾಪಸ್ ಬಂದ ಮೇಲೆ ಚನ್ನಪಟ್ಟಣದಲ್ಲೂ ಒಂದು ಸಲ ಕಾರು ನಿಲ್ಲಿಸಿ, ಹೇಳಿದ ಬೆಲೆ ಕೊಟ್ಟು ಬನ್ನಿ.