ಎರಡು ಸಾಲು ಚುಕ್ಕೆ, ಒಂದೇ ಏರಿಳಿತ

2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಪ್ರಕಟಿಸಿದ ಪ್ರಬಂಧ ಲೋಕದ ಗಮನ ಸೆಳೆಯಿತು. ಚಿನ್ನದೊಳಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಹುದುಗಿಸಿದರೆ ಆ ವಸ್ತು 236 ಕೆಲ್ವಿನ್‌ನಲ್ಲೇ, ಅಂದರೆ ಮೈನಸ್ 37 ಡಿಗ್ರಿಯಲ್ಲೇ, ಸೂಪರ್‌ಕಂಡಕ್ಟರ್ ಆಗುತ್ತದೆ ಎಂಬುದು ವಾದ. 1911ರಲ್ಲಿ ಪಾದರಸದಲ್ಲಿ ಈ ಗುಣ ಕಂಡದ್ದು ಸುಮಾರು 4 ಕೆಲ್ವಿನ್‌ನಲ್ಲಿ. ಇಷ್ಟು ದೊಡ್ಡ ಮಾತು ನಮ್ಮ ನಾಡಿನಿಂದ ಬಂತಲ್ಲ ಎಂದು ನಾನೂ ಹಿಗ್ಗಿದೆ.

ಸೂಪರ್‌ಕಂಡಕ್ಟರ್ ಎನಿಸಿಕೊಳ್ಳಲು ವಿದ್ಯುತ್ ರೋಧ ಸೊನ್ನೆಯಾದರೆ ಸಾಲದು. ವಸ್ತು ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರದೂಡಬೇಕು; ಇದೇ ಮೈಸ್ನರ್ ಪರಿಣಾಮ. ಹೊರಗಿನ ಕ್ಷೇತ್ರ ಬಲವಾದಂತೆ ಈ ಗುಣ ಕಾಣುವ ತಾಪಮಾನ ಇಳಿಯಬೇಕು. ಅದಕ್ಕೇ ಪ್ರಬಂಧದ ಜೀವ ಇದ್ದದ್ದು ಬೇರೆಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ನಕ್ಷೆಯಲ್ಲಿ. ಎಂಐಟಿಯ ಭೌತವಿಜ್ಞಾನಿ ಬ್ರಯನ್ ಸ್ಕಿನ್ನರ್ ಅದನ್ನು ಹಿಗ್ಗಿಸಿ ನೋಡಿದರು. ಎರಡು ಬೇರೆ ಕ್ಷೇತ್ರಗಳ ಚುಕ್ಕೆಸಾಲುಗಳಲ್ಲಿ ಸಣ್ಣಪುಟ್ಟ ನಡುಕವೂ ಚುಕ್ಕೆಗೆ ಚುಕ್ಕೆ ಒಂದೇ. ಒಂದು ಸಾಲು ಮೇಲೆ, ಇನ್ನೊಂದು ಕೆಳಗೆ, ಅಷ್ಟೇ. ಕುಷ್ಟಗಿಯಲ್ಲಿ ಈ ವರ್ಷ ದಿನದಿನ ಬಿದ್ದ ಮಳೆಯ ಏರಿಳಿತವೇ ಮರುವರ್ಷವೂ ಹಾಗ್ಹಾಗೇ ಬಂದರೆ ಯಲಬುರ್ಗಾದ ಯಾವ ರೈತ ನಂಬಿಯಾನು? ಸ್ಕಿನ್ನರ್ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಕಂಡದ್ದನ್ನು ತೋರಿಸಿ, ಕಾರಣ ತಿಳಿಯದು ಎಂದರು. ಆ ಸಂಯಮ ನನಗೆ ಬಹಳ ಹಿಡಿಸಿತು.

ಬೆಂಗಳೂರಿನ ಪ್ರಬಂಧದ 2019ರ ಮೇ ತಿಂಗಳ ಪರಿಷ್ಕೃತ ಆವೃತ್ತಿಯನ್ನು ಮೊದಲನೆಯದಕ್ಕಿಂತ ಮೇಲೆಂದೇ ಎಣಿಸುತ್ತೇನೆ. ಸಂಸ್ಥೆಯ ಇನ್ನಷ್ಟು ವಿಜ್ಞಾನಿಗಳು ಕೈಜೋಡಿಸಿದರು, ಅಳತೆಗಳು ಹೆಚ್ಚಿದವು. ಶೀರ್ಷಿಕೆಯೂ ತಗ್ಗಿ, ಅತ್ಯಲ್ಪ ರೋಧ ಮತ್ತು ಕಾಂತಕ್ಷೇತ್ರದ ವಿಕರ್ಷಣೆ ಒಟ್ಟಿಗೆ ಕಂಡಿವೆ ಎಂದಷ್ಟೇ ಹೇಳಿತು. ಆದರೂ ಎಲ್ಲರೂ ಒಪ್ಪುವಂಥ ಸ್ವತಂತ್ರ ದೃಢೀಕರಣ ಬರಲಿಲ್ಲ.

ಇದಕ್ಕೆ ಹೋಲಿಸಲು ಇನ್ನೊಂದು ಪ್ರಯೋಗ ನೋಡಿ. ಅದೇ 2018ರ ಮಾರ್ಚ್‌ನಲ್ಲಿ ಭೌತವಿಜ್ಞಾನಿ ಪಾಬ್ಲೊ ಹರಿಯೊ-ಹೆರೆರೊ ಅವರ ತಂಡ ಗ್ರಾಫೀನ್ ಎಂಬ ಇಂಗಾಲದ ಎರಡು ತೆಳು ಹಾಳೆಗಳನ್ನು 1.1 ಡಿಗ್ರಿ ಓರೆಯಾಗಿ ಜೋಡಿಸಿ, ಬರೀ 1.7 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟಿವಿಟಿ ತೋರಿಸಿತ್ತು. ಅಲ್ಪ ಕಾಂತಕ್ಷೇತ್ರಕ್ಕೇ ಅದು ಅಳಿಯುತ್ತಿತ್ತು. ಮರುವರ್ಷ ಬೇರೆ ಪ್ರಯೋಗಾಲಯಗಳೂ ಅದನ್ನೇ ಕಂಡವು. ಬೆಂಗಳೂರಿನ ಮೊದಲ ಪ್ರಬಂಧದ ಜೊತೆಗೂ ಇನ್ನೊಂದು ಪ್ರಯೋಗಾಲಯದ ಅಳತೆ ಇರಬೇಕಿತ್ತು. ಅದರ ದೊಡ್ಡ ಕೊರತೆ ಅದೇ.

ಎರಡೂ ಆವೃತ್ತಿಗಳು ಉಚಿತವಾಗಿ ಸಿಗುತ್ತವೆ. ಕೊಪ್ಪಳ, ಗಂಗಾವತಿಯ ಬಿ.ಎಸ್ಸಿ. ತರಗತಿಗಳಲ್ಲಿ ಮೈಸ್ನರ್ ಪರಿಣಾಮದ ಪಾಠ ಬಂದಾಗ ಮೇಷ್ಟ್ರುಗಳು ಆ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಆ ಎರಡು ಸಾಲುಗಳನ್ನು ಹುಡುಗರ ಕೈಯಿಂದಲೇ ಹುಡುಕಿಸಲಿ.