ಬೇಟೆಯ ಕೂಗನ್ನು ಆಲಿಸುವ ಬಗೆ

ಕೆಂಪಂಗಿ ತೊಟ್ಟ ನಟನೊಬ್ಬನು ಕುದುರೆಯೇರಿ, ನರಿಯ ಸುಳಿವೇ ಇಲ್ಲದ ಬಯಲಿನಲ್ಲಿ ‘ಟ್ಯಾಲಿ-ಹೋ’ ಎಂದು ಬೊಬ್ಬಿರಿಯುವುದನ್ನು ಚಲಚ್ಚಿತ್ರಗಳಲ್ಲಿ ಕಂಡು ಪುಳಕಿತರಾಗುವ ಮಹನೀಯರು, ಅದನ್ನೇ ಬೇಟೆಯ ಕೂಗೆಂದು ನಂಬಿ ಮನೆಗೆ ಮರಳುತ್ತಾರಲ್ಲಾ, ಅವರ ಮುಗ್ಧತೆಗೆ ಮರುಗಬೇಕೋ ಮುನಿಯಬೇಕೋ ತಿಳಿಯದು. ಇಂಗ್ಲೆಂಡಿನ ನರಿಬೇಟೆಯಲ್ಲಿ ಈ ಕೂಗು, ನರಿಯನ್ನು ಕಣ್ಣಾರೆ ಕಂಡವನು ಬೇಟೆನಾಯಿಗಳ ಒಡೆಯನಿಗೆ ಕಳುಹುವ ವಾರ್ತೆ.

ಇದರ ಮೂಲವು ಫ್ರಾನ್ಸಿನ ಸಾರಂಗಬೇಟೆಯ ‘ತಾಯೋ’. ಮೊಲಿಯೇರನ ‘ಲೆ ಫಾಶೂ’ (1661) ಎಂಬ ನಾಟಕದಲ್ಲಿ, ಹದಿನಾಲ್ಕನೆಯ ಲೂಯಿಯ ಸೂಚನೆಯಂತೆ ಸೇರಿದ ಬೇಟೆಗಾರನ ಬಾಯಲ್ಲಿ ಆ ಕೂಗು ಕೇಳಿಬರುತ್ತದೆ. ವಿಧಿವತ್ತಾಗಿ ಸಾಗಿದ್ದ ಬೇಟೆಯನ್ನು ಹಳ್ಳಿಯ ಅರಸಿಕನೊಬ್ಬನು ಪಿಸ್ತೂಲು ಹಾರಿಸಿ ಕೆಡಿಸಿದನೆಂಬುದೇ ಆ ಪಾತ್ರದ ಗೋಳು. ಹದಿನೆಂಟನೆಯ ಶತಮಾನದ ಆಂಗ್ಲರು ಕೂಗನ್ನು ತಮ್ಮದಾಗಿಸಿಕೊಂಡು, ಸಾರಂಗಕ್ಕೆ ಸಲ್ಲುತ್ತಿದ್ದುದನ್ನು ನರಿಗೆ ಸಲ್ಲಿಸಿದರು. ಇದಕ್ಕೆ ‘ಪೊದೆಯಿಂದ ಹೊರಬಿದ್ದಿತು’ ಎಂಬರ್ಥವನ್ನು ಹೊಂದಿಸುವ ಪಂಡಿತರೂ ಉಂಟು. ಆದರೆ ನಾಯಿಗಳಿಗೆ ನಿರುಕ್ತದಿಂದೇನಾಗಬೇಕು? ಗಾಳಿಗೆದುರಾಗಿಯೂ ದೂರ ಸಾಗುವ, ಕೊನೆಯಲ್ಲಿ ದೀರ್ಘವಾಗುವ ಸ್ವರವೊಂದಿದ್ದರೆ ಸಾಕು.

ರಸಿಕನಾಗಬಯಸುವವನು ಮುಖ್ಯವಾಗಿ ಗಮನಿಸತಕ್ಕದ್ದು ಕೂಗಿಗೆ ಮುಂಚಿನ ಮೌನವನ್ನು. ನರಿಯು ಪೊದರಿನಂಚಿನಲ್ಲಿ ಮೂತಿ ತೋರಿದೊಡನೆ ಕೂಗಿದನೋ, ಅದು ಮರಳಿ ಒಳಹೊಕ್ಕು ಬೇಟೆಯೆಲ್ಲವೂ ವ್ಯರ್ಥ. ಆದುದರಿಂದ ಬಲ್ಲವನು ಉಸಿರು ಬಿಗಿಹಿಡಿದು, ಅದು ಇನ್ನು ಹಿಂದಿರುಗಲಾರದಷ್ಟು ದೂರ ಸಾಗುವವರೆಗೆ ಕಾದು, ಕುದುರೆಯ ಮೋರೆಯನ್ನು ಅದು ಹೋದ ದಿಕ್ಕಿಗೆ ತಿರುಗಿಸಿ, ಟೋಪಿಯನ್ನು ಅತ್ತಲೇ ಚಾಚಿ, ಅನಂತರವಷ್ಟೆ ಕಂಠವನ್ನು ತೆರೆಯುತ್ತಾನೆ. ನರಿಯು ಕಾಡಿನೊಳಗಣ ದಾರಿಯನ್ನು ದಾಟಿದರೆ ‘ಟ್ಯಾಲಿ-ಹೋ ಓವರ್’. ಹೊರಬಂದು ಮತ್ತೆ ಒಳಸರಿದರೆ ‘ಟ್ಯಾಲಿ-ಹೋ ಬ್ಯಾಕ್’. ಈ ಭೇದಗಳನ್ನರಿಯದೆ ತಲೆದೂಗುವವನು ತಾಳವರಿಯದೆ ತೊಡೆ ತಟ್ಟುವ ಶ್ರೋತೃವಿಗೆ ಸಮಾನನು.

ನನಗೆ ಈ ವಿವೇಕವುದಿಸಿದುದು ನೀಲಗಿರಿಯ ವೆನ್‌ಲಾಕ್ ಬಯಲಿನಲ್ಲಿ. ಇಂಗ್ಲೆಂಡಿನ ಕೆಂಚುನರಿಗೆ ಬದಲಾಗಿ ನಮ್ಮ ನಾಡಿನ ನರಿಯನ್ನೇ ಬೆನ್ನಟ್ಟುತ್ತಿದ್ದ ಊಟಿಯ ಬೇಟೆಕೂಟವು ಅಲ್ಲಿ ನೆರೆಯುತ್ತಿದ್ದ ಕಾಲವದು. ಶೋಲಾ ಕಾಡಿನಂಚಿನಲ್ಲಿ ವೃದ್ಧ ಸವಾರನೊಬ್ಬನು ಟೋಪಿಯನ್ನು ಕೈಯಲ್ಲಿ ಹಿಡಿದು ನಿಶ್ಚಲನಾಗಿದ್ದನು. ನರಿಯು ಅವನ ಮುಂದೆಯೇ ಹಾದುಹೋದರೂ ಕೂಗಲಿಲ್ಲ. ಪಕ್ಕದ ತರುಣರು ಅವನ ಕಣ್ಣು ಮಂದವಾಯಿತೆಂದು ನಕ್ಕರು. ಅದು ದಿಬ್ಬವನ್ನೇರಿ ಆಚೆಗಿಳಿದ ಮೇಲೆ ಅವನು ಒಮ್ಮೆ ಕೂಗಿದನು. ನಾಯಿಗಳ ಹಿಂಡು ನೇರವಾಗಿ ಅಲ್ಲಿಗೆ ಬಂದು ವಾಸನೆ ಹಿಡಿದು ಹೊರಟಿತು. ಅನಂತರ ನಾನು ಕೇಳಿದ ಎಷ್ಟೋ ಕೂಗುಗಳು ಅದಕ್ಕಿಂತ ಇಂಪಾಗಿದ್ದುವು, ಅದರಷ್ಟು ಸಾರ್ಥಕವಾಗಿದ್ದುದು ಒಂದೂ ಇಲ್ಲ.

ಕೊಂಬಿನ ನಾದ, ಬೇಟೆ ಮುಗಿದಾಗಿನ ‘ಹೂ-ವೂಪ್’ ಇವೆಲ್ಲ ತಾವಾಗಿಯೇ ಪರಿಚಯವಾಗುತ್ತವೆ. 2004ರ ಕಾಯಿದೆಯು ಇಂಗ್ಲೆಂಡು ವೇಲ್ಸುಗಳಲ್ಲಿ ನಾಯಿಗಳಿಂದ ನರಿಯನ್ನು ಬೇಟೆಯಾಡಿಸುವುದನ್ನು ನಿಷೇಧಿಸಿತು. ಅದರ ನ್ಯಾಯಾನ್ಯಾಯಗಳನ್ನು ಇಲ್ಲಿ ತರ್ಕಿಸಲೊಲ್ಲೆ. ಆದರೆ 1940ರಲ್ಲಿ ಬ್ರಿಟನ್ನಿನ ವಿಮಾನಯೋಧರು ಶತ್ರುವಿಮಾನವನ್ನು ಕಂಡೊಡನೆ ರೇಡಿಯೋದಲ್ಲಿ ಇದೇ ಪದವನ್ನು ನುಡಿದಾಗ, ಕಂಡೆನೆಂಬ ಅದರ ಮೂಲಾರ್ಥಕ್ಕೆ ಲೋಪ ತರಲಿಲ್ಲ. ಲೋಪ ತಂದವರು ಕೆಂಪಂಗಿಯ ನಟರು. ಮುಂದೆ ಯಾರಾದರೂ ನಿಮ್ಮೆದುರು ಹೀಗೆ ಕೂಗಿ ಪ್ರಶಂಸೆಯನ್ನು ನಿರೀಕ್ಷಿಸಿದರೆ, ನರಿಯು ಯಾವ ದಿಕ್ಕಿಗೆ ಹೋಯಿತೆಂದು ಕೇಳಿರಿ. ಬೆರಳೆತ್ತಿ ತೋರಿಸಲಾರದವನಿಗೆ ನೀವು ಚಪ್ಪಾಳೆಯ ಋಣವನ್ನು ತೀರಿಸಬೇಕಾಗಿಲ್ಲ.